ಪರದೆಯ ಮೇಲಿನ ಕಡಲು

ಈಗಲೇ ಒತ್ತಬೇಕೆ? ಇನ್ನಷ್ಟು ಮೇಲೇರಲಿ ಎಂದು ಬಿಡಬೇಕೆ? ಗುಂಡಿಯ ಮೇಲಿದ್ದ ಬೆರಳು ಅಂಬರೀಶನ ಮಾತು ಕೇಳುತ್ತಿರಲಿಲ್ಲ.

ಬೆಂಗಳೂರಿನ ದೊಡ್ಡನೆಕ್ಕುಂದಿಯ ಆ ಕತ್ತಲೆ ಹಾಲ್‌ನಲ್ಲಿ ಪರದೆಯ ತುಂಬ ಕಡಲು, ಕಡಲ ನಡುವೆ ವಿಮಾನವಾಹಕ ನೌಕೆ. ನೌಕಾಪಡೆಯ ಪೈಲಟ್ ಯಮುನಾ ಸಿಮ್ಯುಲೇಟರ್ ಎಂಬ ನಕಲಿ ಕಾಕ್‌ಪಿಟ್‌ನೊಳಗೆ ಕೂತು ಆ ನೌಕೆಯಿಂದ ಹಾರುತ್ತಾಳೆ. ಅವಳ ಎರಡು ಎಂಜಿನ್‌ಗಳಲ್ಲಿ ಒಂದು ಯಾವಾಗ ಕೆಡಬೇಕೆಂದು ಹೊರಗೆ ಕೂತ ಅವನು ತೀರ್ಮಾನಿಸುತ್ತಾನೆ. ಅವನ ಕೆಲಸವೇ ಅದು.

ಅವಳು ಮೋಡ ಮುಟ್ಟಿದ ಮೇಲೆ ಒತ್ತಿದ. ಉಳಿದ ಇನ್ನೊಂದು ಎಂಜಿನ್ನಿನಲ್ಲಿ ಅವಳು ನಿಧಾನವಾಗಿ ಮರಳಿ ಬಂದಳು.

ಹೆಲ್ಮೆಟ್ ತೆಗೆದು, ಹಣೆಗಂಟಿದ ಕೂದಲು ಸರಿಸುತ್ತ ಅವಳು ಅವನನ್ನೇ ನೋಡಿದಳು. ಪರದೆಯ ನೀಲಿ ಬೆಳಕು ಅವಳ ಕೆನ್ನೆಯ ಮೇಲೆ ಅಲೆಯಾಡುತ್ತಿತ್ತು. ಅವನು ಕೀಬೋರ್ಡ್ ನೋಡಿದ.

"ಬೇರೆಯವ್ರಿಗೆಲ್ಲ ಹಡಗು ಬಿಟ್ಟ ತಕ್ಷಣ ಎಂಜಿನ್ ಆಫ್ ಮಾಡ್ತೀರಂತೆ. ನಂಗ್ ಮಾತ್ರ ಮೋಡದ ಹತ್ರ ಹೋದ್ಮೇಲೆ. ಯಾಕ್ರೀ?"

"ಹಂಗೇನಿಲ್ಲ ಮೇಡಂ."

"ಹಂಗೇ ಇದೆ. ನಾಳೆ ಗೋವಾಕ್ಕೆ ಹೊರಟಿದೀನಿ, ನಿಜವಾದ ಹಡಗಿಗೆ. ಸಮುದ್ರಕ್ಕೆ ನಿಮ್ಮಷ್ಟು ದಾಕ್ಷಿಣ್ಯ ಇರಲ್ಲ."

"ಎರಡು ಎಂಜಿನ್ ಇರುತ್ತಲ್ಲ. ಒಂದ್ ಕೆಟ್ರೆ ಇನ್ನೊಂದು."

"ಅದೇ ಕಷ್ಟ. ಒಂದೇ ಇದ್ದು ಕೆಟ್ರೆ ಯೋಚ್ನೆನೇ ಇಲ್ಲ, ತಕ್ಷಣ ಸೀಟ್ ಸಮೇತ ಹೊರಗೆ ಹಾರ್ಬೇಕು. ಎರಡಿದ್ರೆ ವಿಮಾನ ಉಳಿಸ್ಕೋಬಹುದು ಅಂತ ಆಸೆ. ಆ ಆಸೇಲಿ ತಡ ಮಾಡಿದ್ರೆ ಮುಳುಗೋದೇ. ಉಳಿಸ್ಬೇಕಾ, ಬಿಡ್ಬೇಕಾ ಅಂತ ಗೊತ್ತಾಗ್ಬೇಕಲ್ವಾ ನಂಗೆ? ನೀವು ಕಲಿಸ್ತಾನೇ ಇಲ್ಲ."

ಅವಳು ಮತ್ತೆ ಒಳಗೆ ಹೋಗಿ ಕೂತಳು.

ವಿಮಾನ ಡೆಕ್ಕಿನ ಅಂಚು ದಾಟಿತು. ಅವನು ಒತ್ತಿದ. ಮೂಗು ಬಾಗಿತು, ನೀರು ಹತ್ತಿರವಾಯಿತು, ಪರದೆ ಕೆಂಪಾಯಿತು.

ಹೆಡ್‌ಫೋನಿನಲ್ಲಿ ಅವಳ ಉಸಿರು. ಆಮೇಲೆ ಸಣ್ಣ ನಗು. "ಸತ್ತೆ. ಇನ್ನೊಂದ್ಸಲ."

ಮತ್ತೆ ಒತ್ತಿದ. ಮತ್ತೆ ಕೆಂಪು. ಸಂಜೆಯವರೆಗೂ ಅವಳು ಅವನ ಬೆರಳಿನಿಂದಲೇ ಮುಳುಗಿದಳು. ಕೆಲವೊಮ್ಮೆ ಸಮಯಕ್ಕೆ ಸರಿಯಾಗಿ ಹೊರಗೆ ಹಾರಿದಳು. ಕೊನೆಗೊಮ್ಮೆ ರೆಕ್ಕೆಯಡಿಯ ಭಾರವನ್ನೆಲ್ಲ ಉದುರಿಸಿ, ಒಂದೇ ಎಂಜಿನ್ನಿನಲ್ಲಿ ಅಲೆಗಳನ್ನು ಸವರುತ್ತ ಮೇಲೆದ್ದಳು. ಅವನು ಗುಂಡಿಯಿಂದ ಬೆರಳು ತೆಗೆದ.

ಗೇಟಿನಲ್ಲಿ ಕ್ಯಾಬ್ ನಿಂತಿತ್ತು.

"ಇವತ್ತು ಚೆನ್ನಾಗಿ ಸಾಯಿಸಿದ್ರಿ. ಥ್ಯಾಂಕ್ಸ್," ಎಂದಳು.

"ಹುಷಾರು ಮೇಡಂ."

ಬಾಗಿಲ ಮೇಲೆ ಕೈಯಿಟ್ಟು ಅವಳು ತುಸು ತಡೆದಳು. "ಇನ್ನೇನಾದ್ರೂ ಹೇಳೋದಿತ್ತಾ?"

"ಏನಿಲ್ಲ."

ಕ್ಯಾಬ್ ರಿಂಗ್ ರೋಡಿನ ದೀಪಗಳಲ್ಲಿ ಸೇರಿಹೋಯಿತು. ನಿಮ್ಮನ್ನು ಪ್ರೀತಿಸುತ್ತೇನೆ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.