ಗುರುವಾರದ ಟವೆಲ್

“ಟವೆಲ್ ಎತ್ರಿ.”

“ಎತ್ತಂಗಿಲ್ಲರಿ.”

ಶಹಾಪುರ ನಿಲ್ದಾಣದಲ್ಲಿ ಹತ್ತು ಗಂಟೆಯ ಸುರಪುರ ಬಸ್ಸು ಆಗಲೇ ತುಂಬಿತ್ತು. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದು ಈ ಕಡೆಯ ಕಾಯಿದೆ. ಟವೆಲ್ ಬಿದ್ದ ಸೀಟಿನಲ್ಲಿ ಪೊಲೀಸಪ್ಪನೂ ಕೂಡುವುದಿಲ್ಲ. ಆದರೆ ಈ ಮನುಷ್ಯ ಒಂದು ಸೀಟಿನಲ್ಲಿ ತಾನು ಕುಳಿತು, ಪಕ್ಕದ ಸೀಟಿನಲ್ಲಿ ಟವೆಲನ್ನು ಕೂರಿಸಿದ್ದ!

ಪಿಂಚಣಿ ಕಾಗದ ಎದೆಗವಚಿಕೊಂಡು ನಿಂತಿದ್ದ ಕಸ್ತೂರಿಯ ಮೂಗು ಕೆಂಪಾಯಿತು.

“ಇಲ್ಲಿ ಕೂಡೋರು ಯಾರು, ಹೇಳ್ರಿ ಮತ್ತ.”

“ಯಾರೂ ಇಲ್ಲ. ಮೂವತ್ಮೂರು ವರ್ಷ ಇದೇ ರೂಟಿನ್ಯಾಗ ಕಂಡಕ್ಟರ್ ಇದ್ದೆ. ಒಂದಿನ ಕುಂತಿಲ್ಲ. ಈಗ ರಿಟೈರ್ ಆಗೀನಿ. ನಿಂತಿದ್ದೆಲ್ಲಾ ಕುಂತು ತೀರಸಬೇಕಂದ್ರ ಎರಡು ಸೀಟು ಬೇಕ್ರಿ.”

ಬೈಯಲು ತೆರೆದ ಬಾಯಿಂದ ನಗು ಬಂದುಬಿಟ್ಟಿತು.

“ನಾ ಮೂವತ್ನಾಕು ವರ್ಷ ನಿಂತೀನಿ. ಸುರಪುರ ಕಡೆ ದವಾಖಾನ್ಯಾಗ ನರ್ಸ್ ಇದ್ದೆ. ಹೋದ ತಿಂಗಳು ರಿಟೈರ್.”

ಆತ ಟವೆಲ್ ಎತ್ತಿ, ಅದರಿಂದಲೇ ಸೀಟಿನ ಧೂಳು ಹೊಡೆದ. “ಹಂಗಾದ್ರ ನೀವು ಸೀನಿಯರ್. ಕುಂದರ್ರಿ.”

ಆತನ ಹೆಸರು ಬಾಲರಾಜ. ಹೆಂಡತಿ ತೀರಿ ಒಂಬತ್ತು ವರ್ಷ. ಕಸ್ತೂರಿಯ ಗಂಡ ತೀರಿ ಇಪ್ಪತ್ತು.

ಅಂದು ಗುರುವಾರ. ಅದೂ ಸೇರಿ ಮೂರು ಗುರುವಾರ ಹಾಗೆ ಕಳೆದವು. ಸುರಪುರದಲ್ಲಿಳಿದು ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಗುಡ್ಡದ ಬುಡದ ಬೇವಿನ ನೆರಳಿಗೆ ಕುಳಿತು… ಏನೂ ಮಾಡದೇ ಇರುವುದು! ಬಾಲರಾಜ ಹಳೆಯ ಬಸ್ಸಿನ ಗೇರು ಬೀಳುವ ಸದ್ದು ತೆಗೆಯುತ್ತಿದ್ದ. ಕೋಳಿ ಬುಟ್ಟಿಗೆ ಟಿಕೆಟ್ ತೆಗೆಸದ ಮುದುಕಿಯಾಗಿ ಜಗಳ ತೆಗೆದು, ಕೋಳಿಯಾಗಿಯೂ ಸಾಕ್ಷಿ ಹೇಳುತ್ತಿದ್ದ. ಕಸ್ತೂರಿ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದಳು.

“ಫೋನ್ ನಂಬರ್ ಕೊಡ್ಲೇನ್ರಿ?” ಎಂದು ಕೇಳಿದ ಒಮ್ಮೆ.

“ಬ್ಯಾಡ. ನನ್ನ ನಂಬರ್ ಇದ್ದವ್ರೆಲ್ಲಾ ಕೆಲಸ ಹೇಳ್ತಾರ. ನೀವೊಬ್ರು ಹಂಗ ಇರ್ರಿ.”

“ಆತು. ನಿಮ್ಮ ಸೀಟಿಗೆ ಟವೆಲ್ ಹಾಕಿರ್ತೀನಿ. ಬರೋದು ನಿಮಗ ಬಿಟ್ಟದ್ದು.”

ಆ ಮಾತೇ ಆಮೇಲೆ ಅವಳ ಕೊರಳಿಗೆ ಬಿತ್ತು.

ಕಸ್ತೂರಿ ಇದ್ದದ್ದು ತಮ್ಮ ಹಂಪಣ್ಣನ ಮನೆಯಲ್ಲಿ. “ನಮ್ಮಕ್ಕ ಈಗ ಖಾಲಿ ಅದಾಳ” ಎಂದು ಅವನು ಓಣಿಗೆಲ್ಲ ಹೇಳಿದ್ದ. ಖಾಲಿ ಕೊಡ ಕಂಡರೆ ಯಾರು ಬಿಡುತ್ತಾರೆ? ಬೆಳಗಾದರೆ ಕಟ್ಟೆಯ ತುಂಬ ಜನ. ಬಿಪಿ ನೋಡ್ರಿ ನರ್ಸಮ್ಮ, ಈ ಗುಳಿಗಿ ಯಾತಕ್ಕ ಓದಿ ಹೇಳ್ರಿ ನರ್ಸಮ್ಮ…

ನಾಲ್ಕನೆಯ ಗುರುವಾರ ಎದುರುಮನೆಯ ಬಾಣಂತಿಗೆ ಜ್ವರ. ಐದನೆಯದು ತಮ್ಮನ ಹೆಂಡತಿ ಕಲ್ಯಾಣಮ್ಮನ ತವರಿನವರ ಅಡುಗೆ. ಆರನೆಯದು ಯಾರದೋ ಡ್ರೆಸ್ಸಿಂಗ್. ಏಳನೆಯದು ಯಾಕೆಂದು ನೆನಪೂ ಇಲ್ಲ. ಪ್ರತಿ ಸಲ ಗಡಿಯಾರ ಹತ್ತು ಹೊಡೆದಾಗ ಎದೆಯೊಳಗೆ ಒಂದು ಬಸ್ಸು ಅವಳನ್ನು ಬಿಟ್ಟು ಹೋಗುತ್ತಿತ್ತು.

‘ಇಲ್ಲ ಅನ್ನಾಕ ಬರಂಗಿಲ್ಲಲ್ಲ ನನಗ… ಅರವತ್ತು ವರ್ಷಕ್ಕೂ ಆ ಒಂದು ಶಬ್ದ ಕಲೀಲಿಲ್ಲಲ್ಲ…’

ಬುಧವಾರ ಸಂಜೆ ಆ ಬಸ್ಸಿನ ಈಗಿನ ಕಂಡಕ್ಟರ್ ಗುಲ್ನಾಜ್ ಬೆರಳು ಕೊಯ್ದುಕೊಂಡು ಪಟ್ಟಿ ಕಟ್ಟಿಸಲು ಬಂದಳು.

“ಅಕ್ಕಾ, ಕಾಕಾ ನಾಕು ವಾರದಿಂದ ಟವೆಲ್ ಹಾಕಾಕತ್ತಾರ. ಮಂದಿ ಬೈತಾರ, ಸುಮ್ಮ ಬೈಸ್ಕೋತಾರ. ರಾಯಚೂರಿನ್ಯಾಗ ಮಗಳು ನಂದಿನಿ ಕರೀಲಿಕತ್ತಾಳಂತ. ಶುಕ್ರವಾರ ಕಾಯಂ ಹೋಗ್ತಾರ. ನಾಳೆ ಕಡೀ ಗುರುವಾರ.”

ಕಸ್ತೂರಿ ಪಟ್ಟಿಗೆ ಗಂಟು ಹಾಕಿದಳು. “ನಾ ಬರ್ತೀನಂತ ಹೇಳವ್ವಾ ಅವರಿಗೆ.”

“ನಾ ಹೇಳಂಗಿಲ್ಲಕ್ಕಾ. ಹೋದ ವಾರ ‘ಬರ್ತಾರ ಕಾಕಾ’ ಅಂದು ಸುಳ್ಳಾದೆ. ಅವರ ಮಾರಿ ನೋಡಾಕಾಗಲಿಲ್ಲ.”

ಗುರುವಾರ ಕಟ್ಟೆಯ ಮೇಲೆ ಹನ್ನೊಂದು ಜನ.

ಒಂಬತ್ತೂವರೆ. ಐದು ಜನ ಉಳಿದರು. ಒಂಬತ್ತೂ ಮುಕ್ಕಾಲು. ಎದ್ದು ಹೋದ ಇಬ್ಬರ ಜಾಗಕ್ಕೆ ಮತ್ತೆ ಮೂವರು ಬಂದರು. ಒಳಗಿಂದ ಕಲ್ಯಾಣಮ್ಮನ ದನಿ: “ಅಕ್ಕಾರ, ಇದು ಮುಗೀತಂದ್ರ ಹೋಳಿಗಿಗೆ ಬ್ಯಾಳಿ ಇಡ್ರಿ. ಹ್ಯಾಂಗೂ ಖಾಲಿ ಅದೀರಲ್ಲ.”

ಸುಂದ್ರಮ್ಮ ಎಂಬ ಮುದುಕಿ ತೋಳು ಚಾಚಿದಳು. ಕಸ್ತೂರಿ ಬಿಪಿ ಪಟ್ಟಿ ಸುತ್ತಿದಳು, ಗಾಳಿ ಹಾಕಿದಳು… ಅಂಕಿ ಕಾಣಲಿಲ್ಲ. ಕಣ್ಣು ತುಂಬಿಕೊಂಡಿದ್ದವು.

“ಯಾಕಬೇ ನರ್ಸಮ್ಮ, ನಂದು ಅಷ್ಟು ಕೆಟ್ಟದ ಏನು?”

“ನಿಂದು ಛೊಲೋ ಅದ ಯವ್ವಾ. ಕೆಟ್ಟಿದ್ದು ನಂದು.”

ಪಟ್ಟಿ ಬಿಚ್ಚಿ ಎದ್ದಳು. ಹಗ್ಗದ ಮೇಲೆ ಒಣಗುತ್ತಿದ್ದ ಟವೆಲ್ ಜಗ್ಗಿ ತಂದು, ದಿನಾ ತಾನು ಕೂಡುತ್ತಿದ್ದ ಕುರ್ಚಿಯ ಮೇಲೆ ಹಾಸಿದಳು.



“ಗುರುವಾರ ಈ ಕುರ್ಚಿ ರಿಸರ್ವ್,” ಎಂದಳು. “ಜರೂರಿ ಇದ್ದವ್ರಿಗೆ ಸರ್ಕಾರಿ ದವಾಖಾನಿ ತೆರದದ. ಉಳಿದ ದಿನ ಸಂಜಿ ಐದರಿಂದ ಆರರತನಕ ನಾ ಇರ್ತೀನಿ. ಆಮ್ಯಾಲ ಇರಂಗಿಲ್ಲ.”

ಹಂಪಣ್ಣ ಹೊರಗೆ ಬಂದ. “ಅಕ್ಕಾ, ಏನಿದು? ಈ ಮಂದಿಗೆ ನಾ ಏನ್ ಹೇಳ್ಲಿ?”

“ಖಾಲಿ ಇಲ್ಲ ಅಂತ ಹೇಳು.”

ಮೊದಲು ಎದ್ದವಳು ಸುಂದ್ರಮ್ಮ. “ಏಳ್ರಿ ಎಲ್ಲಾರೂ. ಟವೆಲ್ ಬಿತ್ತಂದ್ರ ಬಿತ್ತು.”

ಕಸ್ತೂರಿ ಓಡಿದಳು. ಅರವತ್ತರ ಮೊಣಕಾಲು ಆಕ್ಷೇಪಣೆ ಸಲ್ಲಿಸಿದವು, ಅವಳು ಕೇಳಲಿಲ್ಲ. ನಿಲ್ದಾಣದ ಗೇಟಿನಲ್ಲಿ ಬಸ್ಸು ಆಗಲೇ ತಿರುಗುತ್ತಿತ್ತು… ಹೋಯಿತು, ಹೋಯಿತು ಎನ್ನುವಷ್ಟರಲ್ಲಿ ಗುಲ್ನಾಜ್ ಸೀಟಿ ಊದಿದಳು, ಬಸ್ಸು ನಿಂತಿತು.

ಏದುಸಿರಿನಲ್ಲಿ ಹತ್ತಿದವಳ ಕಣ್ಣು ಆ ಸೀಟಿಗೆ ಹೋಯಿತು.

ಟವೆಲ್ ಇರಲಿಲ್ಲ. ಎರಡೂ ಸೀಟಿನಲ್ಲಿ ಯಾರೋ ಹೆಂಗಸರು ಕುಳಿತಿದ್ದರು.

‘ಮುಗೀತು…’

“ಇವತ್ತ ಹಾಕಲಿಲ್ಲರಿ.”

ಬಾಲರಾಜ ಹಿಂದೆ ಕಂಬ ಹಿಡಿದು ನಿಂತಿದ್ದ. ಟವೆಲ್ ಹೆಗಲ ಮೇಲಿತ್ತು. ಯಾರ ದನಿಯನ್ನೂ ಅನುಕರಿಸದ, ಅವನದೇ ಸೋತ ದನಿ. “ನಾಕು ವಾರ ಹಾಕಿದೆ. ನಾ ನಿಮಗ ಬ್ಯಾಡಾಗೀನಿ ಅನಕೊಂಡೆ.”

“ಉಳಿದವ್ರಿಗೆಲ್ಲಾ ನಾ ಬೇಕಾಗಿದ್ದೆ. ನನಗ ಬೇಕಾದವ್ರು ನೀವೊಬ್ರ,” ಎಂದಳು ಕಸ್ತೂರಿ. ಬಸ್ಸಿನ ಅರ್ಧ ಜನ ತಿರುಗಿ ನೋಡಿದರು. ನೋಡಲಿ. “ಇಷ್ಟು ಹೇಳಾಕ ನಾಕು ವಾರ ಹಿಡೀತು. ತಪ್ಪು ನಂದು.”

ಬಸ್ಸು ಕುಲುಕಿತು. ಒಂದೇ ಕಂಬದ ಮೇಲೆ ಎರಡು ಕೈ ಹತ್ತಿರ ಬಂದವು. ಯಾರೂ ಕೈ ತೆಗೆಯಲಿಲ್ಲ.

“ನಾಳೆ ರಾಯಚೂರಿಗೆ…?” ಅವಳಿಗೆ ಪೂರ್ತಿ ಕೇಳಲಾಗಲಿಲ್ಲ.

“ಹೋಗ್ತೀನಿ. ಮೊಮ್ಮಕ್ಕಳನ್ನ ನೋಡಿ ಬುಧವಾರ ತಿರುಗಿ ಬರ್ತೀನಿ. ಕಾಯಂ ಬರಂಗಿಲ್ಲ ಅಂತ ಮಗಳಿಗೆ ಹೇಳ್ತೀನಿ. ನೀವು ಮನ್ಯಾಗ ಹೇಳಿ ಬಂದೀರಲ್ಲ, ಹಂಗ.”

“ನಾ ಹೇಳಿ ಬಂದೀನಿ ಅಂತ ಹ್ಯಾಂಗ ಗೊತ್ತಾತು?”

“ಮೂವತ್ಮೂರು ವರ್ಷ ಮಂದಿ ಹತ್ತೋದು ನೋಡೀನ್ರಿ. ಪರವಾನಗಿ ಕೇಳಿ ಬಂದವ್ರು ಹಿಂಗ ಹತ್ತಂಗಿಲ್ಲ.”

ಅವಳು ನಕ್ಕಳು. ಕೆನ್ನೆ ಇನ್ನೂ ಒದ್ದೆ ಇತ್ತು. ಅವನು ಹೆಗಲ ಟವೆಲ್ ಚಾಚಿದ.

“ಸುರಪುರತನಕ ನಿಂತೇ ಹೋಗಬೇಕಾಗ್ತದ ನೋಡ್ರಿ,” ಎಂದ.

“ಹೋಗೂಣು. ಬರೋ ಗುರುವಾರ ಟವೆಲ್ ನಾ ಹಾಕ್ತೀನಿ.”

“ಮತ್ತ ನಾ ಏನ್ ಮಾಡ್ಲಿ?”

“ನೀವು ಬರ್ರಿ. ಸಾಕು.”