ಡಬ್ಬಿಯೊಳಗೆ ನಡೆದವಳು

“ಇನ್ನೊಮ್ಮಿ ನಡದು ತೋರಸ್ತೀರೇನ್ರಿ?”

ಅಯ್ಯೋ ದೇವರೇ! ಕನ್ಯೆ ನೋಡಲು ಬಂದ ಗಂಡು ಹೀಗೆ ಬಾಯಿ ಬಿಡುವುದುಂಟೇ? ತಿಕೋಟಾದ ಬಸಗೊಂಡಪ್ಪನ ಪಡಸಾಲೆಯಲ್ಲಿ ಕೂತವರೆಲ್ಲ ಮುಖ ಮುಖ ನೋಡಿಕೊಂಡರು.

ಅದು ದೊಡ್ಡ ಯುದ್ಧ ಮುಗಿದ ವರ್ಷ. ಹುಡುಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡುವುದು ಆಗಿನ ಪದ್ಧತಿ. ಬಸಗೊಂಡಪ್ಪನ ಮಗಳು ಮುರಿಗೆವ್ವನ ಎಡಗಾಲು ಒಂಚೂರು ಗಿಡ್ಡ. ಅವ್ವ ಸೀರೆಯ ನೆರಿಗೆ ಇಳಿಬಿಟ್ಟು, “ಸಾವಕಾಶ ನಡಿ ಬೇ” ಎಂದು ಹೇಳಿಕೊಟ್ಟಿದ್ದಳು. ಮೊದಲ ಸಲ ಯಾರಿಗೂ ಗೊತ್ತಾದಂತೆ ಕಾಣಲಿಲ್ಲ. ಎರಡನೆಯ ಸಲ ಗಂಡಿನ ಸೋದರಮಾವ ಕಣ್ಣು ಕಿರಿದು ಮಾಡಿದ.

“ಕಾಲು ಊನ ಐತೆಲ್ಲೋ ಅಮರಪ್ಪ! ಏಳು, ಹೋಗೂಣು.”

ಅಮರಪ್ಪ ಏನೋ ಹೇಳಲು ಹೋದ. ತಂದೆಯಿಲ್ಲದವನನ್ನು ಸಾಕಿದ ಮಾವ ರಟ್ಟೆ ಹಿಡಿದು ಎಬ್ಬಿಸಿದ. ಅವನು ಮಾವನ ಹಿಂದೆ ಹೊರನಡೆದ.

ಮುರಿಗೆವ್ವ ಅಡುಗೆಮನೆಯ ಮೂಲೆಯಲ್ಲಿ ಕುಸಿದಳು. ‘ಒಲ್ಲೆ ಅಂದಿದ್ರ ಆಗ್ತಿತ್ತು... ನಾಕು ಮಂದ್ಯಾಗ ನನ್ನ ಮಾನ ಯಾಕ ಕಳದ?’

ಕಾಲಿನ ಸುದ್ದಿ ಊರೂರಿಗೆ ಹಬ್ಬಿತು. ಕಡೆಗೆ ಬಬಲೇಶ್ವರದ ಒಬ್ಬ ವಿಧುರ ಒಪ್ಪಿದ. ಅವನ ಮಗಳೇ ಮುರಿಗೆವ್ವನ ವಾರಿಗೆಯವಳು!

“ನನ್ನ ಕೈಯಾಗ ಏನೈತಿ ಯವ್ವಾ? ನಾಳೆ ಹೂಂ ಅಂತ ಹೇಳಿ ಕಳಸ್ತೇನಿ” ಎಂದ ಬಸಗೊಂಡಪ್ಪ, ಮಗಳ ಮುಖ ನೋಡದೆ. ಮುರಿಗೆವ್ವ ತಲೆ ತಗ್ಗಿಸಿ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಳು.

ಅವತ್ತೇ ಮಧ್ಯಾಹ್ನ ಎದುರಿಗೆ ಸೈಕಲ್ಲು ಬಂದು ನಿಂತಿತು. ಅಮರಪ್ಪ! ವಿಜಾಪುರದ ಜೋರಾಪುರ ಪೇಟೆಯಿಂದ ಬಿಸಿಲಲ್ಲಿ ತುಳಿದು ಬಂದವನ ಅಂಗಿ ಬೆವರಿಗೆ ಅಂಟಿತ್ತು. ಟೆಂಟು ಸಿನಿಮಾದ ಬೋರ್ಡು ಬರೆಯುವವನು ಅವನು. ಕೈಯಲ್ಲೊಂದು ದುಂಡನೆಯ ತಗಡಿನ ಡಬ್ಬಿ, ಅದರ ಸುತ್ತಲೂ ಉದ್ದುದ್ದ ಸೀಳು.

“ಮತ್ತ ಯಾಕ ಬಂದ್ರಿ? ಇನ್ನೂ ನೋಡೂದು ಉಳದೈತೇನು?”

“ಬೈರಿ, ತಪ್ಪು ನಂದು. ಆದ್ರ ಒಮ್ಮಿ ಇದರಾಗ ಹಣಿಕಿ ಹಾಕ್ರಿ.”

ಡಬ್ಬಿ ಗಿರ್ರನೆ ತಿರುಗಿತು. ಸೀಳಿನೊಳಗೆ, ಕಾಗದದ ಪಟ್ಟಿಯ ಮೇಲೆ ಒಂದರ ಪಕ್ಕ ಒಂದು ಚಿತ್ರವಾಗಿ ಬರೆದ ಹೆಂಗಸು ನಡೆಯತೊಡಗಿದಳು! ಮೊದಲು ಭುಜ ವಾಲಿತು. ಮೈಭಾರ ಬಲಗಾಲಿಗೆ ಇಳಿಯಿತು. ಆಮೇಲೆ ಎಡಗಾಲು ಎದ್ದಿತು. ಕಾಲು ಊರಿದ ಮೇಲೂ ಸೆರಗು ತುಸು ಹೊತ್ತು ಅಲುಗಿತು. ಮುರಿಗೆವ್ವ ಡಬ್ಬಿಗೆ ಇನ್ನಷ್ಟು ಬಾಗಿದಳು. ಅದು ತಾನೇ!

“ಕುಂಟೀನ ಬರದು ಮಂದಿಗೆ ತೋರಸ್ತೀರಿ?”

“ಯಾರಿಗೂ ತೋರಿಸಿಲ್ಲರಿ! ವರ್ಷಗಟ್ಟಲೆ ನಡಿಗಿ ಬರದೇನಿ. ಎರಡೂ ಕಾಲು ಸರೀ ಅಳತಿ, ಸರೀ ಹೆಜ್ಜಿ... ಬರೇ ಗೊಂಬಿ ಜಾರಿದಂಗ ಕಾಣ್ತಿತ್ತು. ಭಾರ ಇಲ್ಲ, ಜೀವಾ ಇಲ್ಲ. ನೀವು ಹೆಜ್ಜಿ ಎತ್ತೂಕಿಂತ ಮೊದಲ ನಿಮ್ಮ ಮೈಯೆಲ್ಲಾ ‘ಎತ್ತಲೇನು’ ಅಂತ ವಿಚಾರ ಮಾಡತೈತಿ. ಅದನ್ನ ನೋಡಿ ಹುಚ್ಚ ಹಿಡದಂಗಾತು. ಎಲ್ಲಿ ಕುಂತೇನಿ ಅನ್ನೂದ ಮರತು ಕೇಳಿಬಿಟ್ಟೆ... ಮಾವನ ಮುಂದ ಬಾಯಿ ಬರಲಿಲ್ಲರಿ.”

ಮುರಿಗೆವ್ವ ತಾನೇ ಮತ್ತೊಮ್ಮೆ ಡಬ್ಬಿ ತಿರುಗಿಸಿದಳು. ಮನೆಯವರೇ ಮುಚ್ಚಿಡುತ್ತಿದ್ದ ಕಾಲನ್ನು ಒಬ್ಬ ಇಷ್ಟು ಅಕ್ಕರೆಯಿಂದ ನೋಡಿದ್ದನೇ! ಅಳು ಉಕ್ಕಿ ಬಂತು.

“ನನ್ನ ಬಬಲೇಶ್ವರಕ್ಕ ಕೊಡ್ತಾರ. ನಾಳೆ ಮಾತು ಮುಗೀತೈತಿ.”

ಅವನ ಮುಖ ಬಿಳುಪೇರಿತು. “ನಾ ಮಾವನ ಮನಿ ಬಿಟ್ಟು ಬಂದೇನಿ... ನನಗ ಕೊಡ್ತಾರೇನ್ರಿ?”

“ನಂಗೇನ ಗೊತ್ತು? ನನ್ನ ಯಾರೂ ಕೇಳೂದಿಲ್ಲ.”

“ನಾ ಕೇಳಾಕತ್ತೇನಿ. ನಿಮ್ಮ ಮನಸಿನಾಗ ಏನೈತಿ?”

ಮುರಿಗೆವ್ವ ಹೂಂ ಎಂದು ತಲೆಯಾಡಿಸಿದಳು, ಅಷ್ಟೇ.

ಬಾಗಿಲಲ್ಲಿ ಕೆಮ್ಮು ಕೇಳಿತು. ಬಸಗೊಂಡಪ್ಪ ಎಲ್ಲವನ್ನೂ ಕೇಳುತ್ತ ನಿಂತಿದ್ದ!

“ಹಿರ್‍ಯಾರಿಲ್ಲದಂಗ ಕನ್ಯಾ ಕೇಳ್ತಾರೇನೋ ತಮ್ಮಾ? ನಿನ್ನ ಕಡೆಯಿಂದ ಯಾರದಾರ?”

ಅಮರಪ್ಪ ನೆಲ ನೋಡಿದ. “ಯಾರೂ ಇಲ್ಲರಿ.”

“ನಾ ಅದೀನಿ, ಯಪ್ಪಾ,” ಎಂದಳು ಮುರಿಗೆವ್ವ.

ಬಸಗೊಂಡಪ್ಪ ಮಗಳ ಮುಖ ನೋಡಿದ. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

“ಮತ್ತ ನನ್ನ ಕಡೆ ಯಾರ ಉಳದ್ರು ಬೇ?”

“ನಿಮ್ಮ ಕಡೆ ನಾ ಬರ್ತೇನ್ರಿ, ಮಾವಾ,” ಎಂದ ಅಮರಪ್ಪ.