ಗೋಲ್‌ಕೀಪರ್ ಎದ್ದೇಳಲಿಲ್ಲ

“ಐದನೇ ಕ್ಲಾಸಿಗೇ ಶಾಲೆ ಬಿಟ್ಟ ಕತ್ತೆ ನೀನು. ಬೂಟಿಗೆ ದಾರ ಪೋಣಿಸೋದು ಬಿಟ್ಟು ಇನ್ನೇನೂ ಬರಲ್ಲ ಅಂದ್ಕೊಂಡಿದ್ದೆ. ವಿಷ ಹಾಕೋದನ್ನೂ ಕಲ್ತಿದ್ದೀಯಲ್ಲೋ!”

ತಂಡದ ಬೂಟು, ಬಟ್ಟೆ ನೋಡಿಕೊಳ್ಳುವ ನನಗೆ ಹೀಗೆಂದವರು ನಮ್ಮ ಮ್ಯಾನೇಜರ್ ದೊನ್ ಇರಿಯಾರ್ತೆ. ಅಂದದ್ದು ಹೋಟೆಲಿನ ಊಟದ ಕೋಣೆಯಲ್ಲಿ, ಇಪ್ಪತ್ತಾರು ಜನರ ಎದುರಿಗೆ.

“ಯಾರಿಗೆ ವಿಷ?” ಎಂದೆ.

“ನಾಟಕ ಬೇಡ. ದೆಲ್ಫಿನ್ ಎದ್ದೇಳ್ತಿಲ್ಲ.”

ದೆಲ್ಫಿನ್ ಅಯಾವಿರಿ ನಮ್ಮ ಗೋಲ್‌ಕೀಪರ್. ಹಿಂದಿನ ವಾರ ಬೆಟ್ಟದ ಮೇಲಿನ ನಮ್ಮೂರು ಒರುರೊದಲ್ಲಿ, ನಮ್ಮದೇ ಮೈದಾನದಲ್ಲಿ, ನಾವು ಒಂದು ಗೋಲಿನಿಂದ ಗೆದ್ದದ್ದು ಅವನ ಎರಡು ಕೈಗಳಿಂದ. ಇವತ್ತು ಸಂಜೆ ಏಳಕ್ಕೆ ಗಡಿಯಾಚೆಯ ಕಡಲತೀರದ ಊರು ಇಕಿಕೆಯಲ್ಲಿ ಎರಡನೇ ಪಂದ್ಯ. ಡ್ರಾ ಆದರೂ ಸಾಕು, ಮುಂದಿನ ಸುತ್ತು. ನಮ್ಮ ಉನಿಯೊನ್ ವೆತಾ ಕ್ಲಬ್ ಹುಟ್ಟಿ ಅರವತ್ತು ವರ್ಷ. ಖಂಡದ ಕಪ್ಪಿನಲ್ಲಿ ಮೊದಲ ಸುತ್ತನ್ನು ಒಂದು ಸಲವೂ ದಾಟಿಲ್ಲ. ಗಣಿಯೊಳಗೆ ಇಳಿಯುವವರು ಸಹ ಇವತ್ತು ಕಿವಿಗೆ ರೇಡಿಯೊ ಕಟ್ಟಿಕೊಂಡಿದ್ದರು.

ಅಂಥ ದಿನ ದೆಲ್ಫಿನ್ ಹನ್ನೆರಡಕ್ಕೆ ಊಟ ಮಾಡಿ ಮಲಗಿದ. ಒಂದೂವರೆಗೆ ಕರೆದರೆ ಮಾತಿಲ್ಲ. ಅಲುಗಾಡಿಸಿದರೆ ಗೊರಕೆ. ಮುಖಕ್ಕೆ ನೀರು ಹಾಕಿದರೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿದ.

ಅವನು ಊಟದ ಮೇಲೆ ಕುಡಿದದ್ದು ಒಂದೇ ವಸ್ತು — ನಾನು ಮಾಡಿದ ಮೊಕೊಚಿಂಚಿ. ಒಣಗಿದ ಪೀಚ್ ಹಣ್ಣು, ದಾಲ್ಚಿನ್ನಿ, ಸಕ್ಕರೆ ಹಾಕಿ ಕುದಿಸಿದ ಪಾನಕ ಅದು. ನನ್ನವ್ವ ಒರುರೊ ಮಾರ್ಕೆಟ್ಟಿನಲ್ಲಿ ಮಾರುವುದು ಅದನ್ನೇ. ಪಂದ್ಯದ ದಿನ ಒಂದು ಲೋಟ ಕುಡಿಯದೆ ದೆಲ್ಫಿನ್ ಗ್ಲೌಸಿಗೆ ಕೈ ಹಾಕುವುದಿಲ್ಲ. ಬೆಳಿಗ್ಗೆ ಇಲ್ಲಿನ ಸಂತೆಯಲ್ಲಿ ಹಣ್ಣು ತಂದವನು ನಾನು. ಹೋಟೆಲಿನ ಒಲೆಯ ಮೇಲೆ ಕುದಿಸಿದವನು ನಾನು. ಜಗ್ಗನ್ನು ಅವನ ಕೋಣೆಯಲ್ಲಿಟ್ಟವನೂ ನಾನೇ.

ಇನ್ನೇನು ಬೇಕು ಇರಿಯಾರ್ತೆಗೆ?

“ಪೊಲೀಸರನ್ನ ಆಮೇಲೆ ಕರೀತೀನಿ,” ಎಂದರು. “ಮೊದಲು ಒರುರೊದ ಜನಕ್ಕೆ ಗೊತ್ತಾಗ್ಲಿ. ಮೂರು ಗಂಟೆಗೆ ರೇಡಿಯೊದವರು ಫೋನ್ ಮಾಡ್ತಾರೆ. ಯಾರ ಮಗ, ಯಾರ ಪಾನಕ — ಎಲ್ಲಾ ಹೇಳ್ತೀನಿ.”

ಅವ್ವ ಅಂಗಡಿಯಲ್ಲಿ ಕೂತಿರುತ್ತಾಳೆ. ಪಕ್ಕದಲ್ಲೇ ರೇಡಿಯೊ ಇರುತ್ತದೆ. ಇಡೀ ಮಾರ್ಕೆಟ್ಟು ಕೇಳುತ್ತದೆ. ನಮ್ಮೂರಿನವರಿಗೆ ಫುಟ್‌ಬಾಲಿನ ವಿಷಯದಲ್ಲಿ ನ್ಯಾಯ ಅಂದರೆ ಕಲ್ಲು.

“ಹೇಳಿ ನೋಡಿ!” ಎಂದು ಮುಂದೆ ನುಗ್ಗಿದೆ. ಇಬ್ಬರು ಆಟಗಾರರು ಹಿಡಿದುಕೊಂಡರು.

“ಬಿಡ್ರೋ ಅವನನ್ನ,” ಎಂದು ಬಾಗಿಲಿಂದ ಒಂದು ದನಿ ಬಂತು. “ಅದು ವಿಷ ಅಲ್ಲ. ನಾನೇ ಕೊಟ್ಟ ಔಷಧಿ.”

ದೊನ್ಯ ಸಬೀನಾ. ನಮ್ಮ ತಂಡದ ನರ್ಸ್. ಮೂವತ್ತು ವರ್ಷ ಗಣಿಯ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಹೆಂಗಸು; ಸುಳ್ಳು ಹೊಟ್ಟೆನೋವನ್ನು ನಡಿಗೆಯಲ್ಲೇ ಗುರುತಿಸುತ್ತಾಳೆ. ಬಾಯಲ್ಲಿ ಸದಾ ಒಂದು ಬೆಂಕಿಕಡ್ಡಿ.

“ನಾಲಿಗೆ ಒಣಗಿದೆ, ಕಣ್ಣಿನ ಪಾಪೆ ಅಗಲ ಆಗಿದೆ. ಘಟ್ಟದ ದಾರೀಲಿ ವಾಂತಿ ಆಗ್ದಿರೋಕೆ ಕೊಟ್ಟೆನಲ್ಲ, ಆ ಸಿರಪ್ ಇದು. ಒಂದು ಮುಚ್ಚಳ ಕುಡಿದ್ರೆ ಜೂಗರಿಕೆ. ಅರ್ಧ ಬಾಟಲಿ ಕುಡಿದ್ರೆ ನಾಳೆ ಬೆಳಿಗ್ಗೆಯೇ ಏಳೋದು. ಜೀವಕ್ಕೇನೂ ಇಲ್ಲ.”

“ಜೀವಕ್ಕೇನೂ ಇಲ್ಲ, ಪಂದ್ಯಕ್ಕೆ?” ಎಂದರು ಕೋಚ್. ಅವರ ಉಗುರುಗಳಲ್ಲಿ ಕಚ್ಚಲು ಏನೂ ಉಳಿದಿರಲಿಲ್ಲ.

“ಅದು ನಿಮ್ಮ ಕೆಲಸ. ಆ ಸಿರಪ್ ಮೂರೇ ಮೂರು ಬಾಟಲಿ ಇದ್ದದ್ದು. ಬಸ್ಸಿನ ಮುಂದಿನ ಸಾಲಿಗೊಂದು, ನಡುವಿಗೊಂದು, ಹಿಂದಕ್ಕೊಂದು. ಮೂರೂ ಇಲ್ಲಿ ಬರ್ಲಿ. ಈಗಲೇ.”

ಮೂರೂ ಬಂದವು. ಮುಂದಿನ ಸಾಲಿನದು ಗೋಲ್‌ಕೀಪರುಗಳ ತರಬೇತುದಾರ ದೊನ್ ಅನ್ಸೆಲ್ಮೊ ಬಳಿ ಇತ್ತು. ನಡುವಿನದು ಎರಡನೇ ಗೋಲ್‌ಕೀಪರ್ ಎವರ್ ಬಳಿ. ಎವರ್ ಅಂದರೆ ಅನ್ಸೆಲ್ಮೊರ ಅಕ್ಕನ ಮಗ; ದೆಲ್ಫಿನ್‌ನ ಕೋಣೆಯಲ್ಲೇ ಮಲಗುವವನು. ಹಿಂದಿನ ಸಾಲಿನದು ನನ್ನ ಬಳಿ.

ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ತೆಳು ಪ್ಲಾಸ್ಟಿಕ್ಕಿನ ಪುಟ್ಟ ಬಾಟಲಿಗಳು. ನನ್ನದರಲ್ಲಿ ತಳಕ್ಕೆ ಒಂದು ಬೆರಳು ಉಳಿದಿತ್ತು. ಎವರ್‌ನದರಲ್ಲಿ ಅರ್ಧ. ಅನ್ಸೆಲ್ಮೊರದರಲ್ಲಿ ಅರ್ಧಕ್ಕಿಂತ ತುಸು ಕಮ್ಮಿ.

“ನೋಡಿ!” ಇರಿಯಾರ್ತೆ ಕುಣಿದೇಬಿಟ್ಟರು. “ಯಾರದು ಖಾಲಿ? ಈ ಕತ್ತೇದು! ಬಾಟಲಿ ನೋಡಿ ಹೇಗೆ ಇಟ್ಕೊಂಡಿದ್ದಾನೆ, ಹಿಸುಕಿ ನಜ್ಜುಗುಜ್ಜು. ದೊನ್ ಅನ್ಸೆಲ್ಮೊರದ್ದು ನೋಡಿ, ಅಂಗಡಿಯಿಂದ ಈಗ ತಂದ ಹಾಗಿದೆ. ಮನುಷ್ಯನ ಯೋಗ್ಯತೆ ಬಾಟಲೀಲೇ ಗೊತ್ತಾಗುತ್ತೆ!”

“ಹಿಂದಿನ ಸೀಟಿನಲ್ಲಿ ಒಂಬತ್ತು ಜನ ಇದ್ವಿ! ಒಂಬತ್ತೂ ಜನ ಕುಡಿದ್ರು!” ಎಂದೆ.

ನಿಜವೇ ಅದು. ಆದರೆ ಯಾರು ಎಷ್ಟು ಕುಡಿದರೆಂದು ಹೇಳುವವರಾರು? ಎಲ್ಲರೂ ಗೋಡೆ ನೋಡತೊಡಗಿದರು.

ದೊನ್ಯ ಸಬೀನಾ ಮಾತ್ರ ಬಾಟಲಿಗಳನ್ನೇ ನೋಡುತ್ತಿದ್ದಳು. ಬಾಯಿಂದ ಬೆಂಕಿಕಡ್ಡಿ ತೆಗೆದಳು. ಅವಳು ಕಡ್ಡಿ ತೆಗೆದದ್ದನ್ನು ನಾನು ಅದೇ ಮೊದಲು ಕಂಡದ್ದು.

“ಯಾರೂ ಇವನ್ನ ಮುಟ್ಬೇಡಿ,” ಎಂದಳು. “ಆಟಗಾರರೆಲ್ಲ ಕೋಣೆಗೆ ಹೋಗಿ. ಬಾಟಲಿ ಇಟ್ಕೊಂಡಿದ್ದ ಮೂವರು ಮಾತ್ರ ಇರಿ.”

ಮೊದಲು ಎವರ್. ಹತ್ತು ವರ್ಷ ಬೆಂಚಿನ ಮೇಲೆ ಕೂತು ಕೂತು ಅವನ ಭುಜ ಒಂದು ಬದಿಗೆ ವಾಲಿದ ಹಾಗಿತ್ತು.

“ಮೂವತ್ತಾಯ್ತಲ್ಲೋ ನಿಂಗೆ?”

“ಮೂವತ್ತೊಂದು, ದೊನ್ಯ.”

“ದೆಲ್ಫಿನ್ ಮಲಗಿದ್ರೆ ಯಾರಿಗೆ ಲಾಭ?”

ಅವನ ಕಣ್ಣು ತುಂಬಿತು. “ನನಗೇ. ಎಲ್ಲಾರೂ ಅದನ್ನೇ ಅಂದ್ಕೊಳ್ತಿದ್ದಾರೆ. ಬಾಯಿಬಿಟ್ಟು ಕೇಳಿದೋರು ನೀವೊಬ್ರೇ.”

“ನಿನ್ನ ಬಾಟಲಿ ಕಡೇ ಸಲ ತೆರೆದದ್ದು ಎಲ್ಲಿ?”

“ಪಿಸಿಗಾದಲ್ಲಿ. ಗಡಿ ದಾಟೋ ಮುಂಚೆ. ಆಮೇಲೆ ಮುಟ್ಟಿಲ್ಲ.”

“ರುಫಿನೊ, ನೀನು?”

“ಅಲ್ಲೇ. ಅವಸರದಲ್ಲಿ ಬ್ಯಾಗಿಗೆ ತುರುಕಿದ್ದು. ನೀವು ಕೇಳಿದಾಗ್ಲೇ ಈಚೆ ತೆಗೆದದ್ದು,” ಎಂದೆ.

“ದೊನ್ ಅನ್ಸೆಲ್ಮೊ?”

ಅನ್ಸೆಲ್ಮೊರ ದವಡೆ ಆಡುತ್ತಿತ್ತು. ಊರಲ್ಲಿ ಸದಾ ಅಗಿಯುವ ಕೋಕಾ ಎಲೆಯನ್ನೆಲ್ಲ, ಆಚೆ ಒಯ್ಯುವಂತಿಲ್ಲವೆಂದು, ಗಡಿಯಲ್ಲೇ ಎಸೆದು ಬಂದಿದ್ದೆವು. ಬಾಯಲ್ಲಿ ಏನೂ ಇರಲಿಲ್ಲ, ಆದರೂ ಅಗಿಯುತ್ತಿದ್ದರು.

“ನಾನೂ ಪಿಸಿಗಾದಲ್ಲೇ ಅಮ್ಮಾ. ಇಕಿಕೆಗೆ ಬಂದ ಮೇಲೆ ಅದನ್ನ ಕಣ್ಣಲ್ಲೂ ನೋಡಿಲ್ಲ.”

“ಖಂಡಿತ?”

“ತಾಯಿ ಕನ್ಯಾಮರಿಯಮ್ಮನಾಣೆ.”

“ಮಧ್ಯಾಹ್ನ ದೆಲ್ಫಿನ್ ಕೋಣೆಗೆ ಯಾರ್ಯಾರು ಹೋಗಿದ್ರು?”

“ನಾನು ಹೋಗಿದ್ದೆ. ಬೆರಳಿಗೆ ಪಟ್ಟಿ ಸುತ್ತೋಕೆ. ಪ್ರತಿ ಪಂದ್ಯಕ್ಕೂ ಹೋಗ್ತೀನಿ. ಎವರ್ ಇದ್ದ. ಈ ಹುಡುಗ ಜಗ್ಗು ತಂದಿಟ್ಟ.”

ಮೂವರೂ ಹೋಗಿದ್ದೆವು. ಮೂವರೂ ಬಾಟಲಿ ತೆರೆದಿಲ್ಲವೆಂದೆವು. ಒಬ್ಬ ಸುಳ್ಳುಗಾರ. ಯಾರು?

ಅಷ್ಟರಲ್ಲಿ ಗೋಡೆಯಾಚೆ ಇರಿಯಾರ್ತೆಯ ದನಿ ಕೇಳಿಸಿತು — ಫೋನಿನಲ್ಲಿ, ಜೋರಾಗಿ. “ಹೌದು... ಕೋಲ್ಕೆ, ರುಫಿನೊ ಕೋಲ್ಕೆ... ಅದೇ, ಮೊಕೊಚಿಂಚಿ ಮಾರೋ ಪಾಲಿನಾಳ ಮಗ...”

ಮೂರು ಗಂಟೆ ಆಗಿತ್ತು.

ನಾನು ಅವ್ವನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಮತ್ತೆ. ಏಳನೇ ಸಲಕ್ಕೆ ಪಕ್ಕದಂಗಡಿಯ ಎಲೊಡಿಯಾ ಎತ್ತಿದಳು. ಹಿಂದೆ ಗಲಾಟೆ.

“ರುಫೀ, ಏನ್ ಮಾಡ್ದೋ ನೀನು? ಯಾರೋ ಬಂದು ಹಂಡೆ ಒದ್ದು ಬೀಳ್ಸಿದ್ರು. ನಿಮ್ಮವ್ವನ್ನ ನನ್ನಂಗಡಿ ಒಳಗೆ ಕೂಡ್ಹಾಕಿ ಬಾಗ್ಲು ಎಳ್ದಿದೀನಿ. ಇನ್ನೂ ಜನ ಸೇರ್ತಾವ್ರೆ.”

“ನಾನೇನೂ ಮಾಡಿಲ್ಲ ಅಂತ ಹೇಳು ಅವಳಿಗೆ!”

“ಅವಳಿಗೆ ಗೊತ್ತು ಕಣೋ. ಇವ್ರಿಗೆ ಹೇಳು!”

ಫೋನ್ ಕಟ್ಟಾಯಿತು. ದೊನ್ಯ ಸಬೀನಾಳ ಕಡೆ ತಿರುಗಿದೆ. “ಗೊತ್ತಿದ್ರೆ ಈಗ ಹೇಳಿ. ಇಲ್ಲಾಂದ್ರೆ ನಾನೇ ಒಬ್ಬೊಬ್ಬರ ಕತ್ತು ಹಿಸುಕಿ ಕೇಳ್ತೀನಿ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಎವರ್‌ಗೆ, “ನೀ ಹೋಗಿ ದೆಲ್ಫಿನ್ ತುಟಿಗೆ ನೀರು ಮುಟ್ಟಿಸ್ತಾ ಇರಪ್ಪ. ಆಮೇಲೆ ಗ್ಲೌಸ್ ಹಾಕ್ಕೋ, ಇವತ್ತು ನೀನೇ ನಿಲ್ಬೇಕು,” ಎಂದಳು. ಅವನು ಹೋದ ಮೇಲೆ ಇರಿಯಾರ್ತೆಯನ್ನೂ ಕೋಚ್‌ನನ್ನೂ ಕರೆಸಿ ಬಾಗಿಲು ಹಾಕಿದಳು.

“ಇರಿಯಾರ್ತೆ, ನೀವು ಹೇಳಿದ್ದು ಸರಿ. ಮನುಷ್ಯನ ಯೋಗ್ಯತೆ ಬಾಟಲೀಲೇ ಗೊತ್ತಾಗುತ್ತೆ. ರುಫಿನೊ ಬಾಟಲಿ ನಜ್ಜುಗುಜ್ಜು. ಎವರ್‌ದು? ಅದರ ಕೆನ್ನೇನೂ ಒಳಕ್ಕೆ ಹೋಗಿದೆ. ಇಬ್ಬರೂ ಹಿಸುಕಿದ್ರಾ?”

“ಬಸ್ಸಿನಲ್ಲಿ ಸಾಮಾನಿನ ಕೆಳಗೆ ಸಿಕ್ಕಿರ್ಬೇಕು.”

“ನಾನು ಗಣಿ ಆಸ್ಪತ್ರೇಲಿದ್ದಾಗ ಸಮುದ್ರದ ಕಡೆಯಿಂದ ಔಷಧಿ ಬರೋದು. ನಮ್ಮ ಬೆಟ್ಟಕ್ಕೆ ಬರೋ ಹೊತ್ತಿಗೆ ಪ್ಯಾಕೆಟ್ಟೆಲ್ಲ ಊದ್ಕೊಂಡಿರೋದು, ತೆರೆದ್ರೆ ಬುಸ್ ಅನ್ನೋದು. ಬೆಟ್ಟದ ಮೇಲೆ ಗಾಳಿ ತೆಳು, ಇಲ್ಲಿ ದಪ್ಪ. ನಿಮ್ಮ ಆಟಗಾರರು ಅಲ್ಲಿ ಓಡೋಕೆ, ಇಲ್ಲಿಯವರು ಅಲ್ಲಿ ಏದುಸಿರು ಬಿಡೋಕೆ ಅದೇ ಕಾರಣ ಅಲ್ವಾ? ಈಗ ಉಲ್ಟಾ. ಪಿಸಿಗಾದಲ್ಲಿ ಮುಚ್ಚಿದ ಬಾಟಲಿ ಒಳಗೆ ಇರೋದು ಬೆಟ್ಟದ ಗಾಳಿ. ಅದನ್ನ ಸಮುದ್ರಕ್ಕೆ ಇಳಿಸಿದ್ರೆ?”

ಅವಳು ನನ್ನ ಬಾಟಲಿ ಎತ್ತಿ ಮುಚ್ಚಳ ತಿರುಗಿಸಿದಳು.

ಸುಸ್ಸ್ — ಎಂದು ಅದು ಉಸಿರೆಳೆದುಕೊಂಡಿತು. ಟಪ್ಪೆಂದು ಅದರ ಕೆನ್ನೆಗಳು ಹೊರಕ್ಕೆ ಬಂದವು. ನಾನು ಹಿಂದಕ್ಕೆ ಜಿಗಿದೆ. ಎರಡು ದಿನ ಬ್ಯಾಗಿನಲ್ಲಿ ಹೊತ್ತ ನನಗೇ ಅದು ಗೊತ್ತಿರಲಿಲ್ಲ.

ಎವರ್‌ನ ಬಾಟಲಿ ತೆರೆದಳು. ಸುಸ್ಸ್. ಟಪ್.

“ಇವೆರಡೂ ಗಡಿಯಲ್ಲಿ ಮುಚ್ಚಿದ ಮೇಲೆ ಈಗಲೇ ಬಾಯಿ ಬಿಟ್ಟದ್ದು. ಹುಡುಗರು ನಿಜ ಹೇಳಿದ್ರು. ಇನ್ನು ಇದು...”

ಮೂರನೆಯದು ಮೊದಲಿಂದಲೂ ದುಂಡಗೇ ನಿಂತಿತ್ತು. ಮುಚ್ಚಳ ತೆಗೆದರೂ ಅದರಿಂದ ಸದ್ದೇ ಬರಲಿಲ್ಲ.

“ಇದು ಇಕಿಕೆಯ ಗಾಳಿ ಕುಡಿದಿದೆ, ದೊನ್ ಅನ್ಸೆಲ್ಮೊ. ಕಣ್ಣಲ್ಲೂ ನೋಡಿಲ್ಲ ಅಂದ್ರಲ್ಲ?”

ಅನ್ಸೆಲ್ಮೊರ ದವಡೆ ನಿಂತಿತು.

“ದೆಲ್ಫಿನ್‌ಗೆ ಏನು ನಷ್ಟ?” ಎಂದರು. “ಅವನನ್ನ ಹೊರಗಿನ ಕ್ಲಬ್ಬಿನವರು ಆಗ್ಲೇ ಕೇಳಿದ್ದಾರೆ. ಮುಂದಿನ ತಿಂಗಳು ಹೋಗ್ತಾನೆ. ನನ್ನ ಹುಡುಗನಿಗೆ ಮೂವತ್ತೊಂದು. ಹತ್ತು ವರ್ಷ ಅವನಿಗೆ ನಾನೇ ಚೆಂಡು ಒದ್ದಿದ್ದೀನಿ, ಒಂದು ಪಂದ್ಯ ಕೊಡ್ಸೋಕಾಗ್ಲಿಲ್ಲ. ಪಟ್ಟಿ ಸುತ್ತೋಕೆ ಮುಂಚೆ ದೆಲ್ಫಿನ್ ಕೈತೊಳೆಯೋಕೆ ಎದ್ದ, ಎವರ್ ಕಿಟಕಿ ಕಡೆ ಇದ್ದ... ಲೋಟಕ್ಕೆ ಬಗ್ಗಿಸ್ಬಿಟ್ಟೆ. ಸೆಖೆಗೆ ಸುಸ್ತಾದ ಅಂತಾರೆ ಅಂದ್ಕೊಂಡಿದ್ದೆ. ಎವರ್‌ಗೆ ಗೊತ್ತಿಲ್ಲ. ಅವನಿಗೆ ಹೇಳ್ಬೇಡಿ.”

“ನನ್ನ ಮೇಲೆ ಬಂದಾಗ?” ಎಂದೆ. “ಇಪ್ಪತ್ತಾರು ಜನರ ಮುಂದೆ ನನ್ನ ಮಾನ ಕಳೆದಾಗ? ನಮ್ಮವ್ವನ ಹಂಡೆ ಒದ್ದಾಗ? ಅಲ್ಲೇ ಕೂತಿದ್ದೆಯಲ್ಲೋ ಮುದುಕಾ!”

ಅವರು ಮುಖ ಮುಚ್ಚಿಕೊಂಡರು. ಆ ಬೋಳು ತಲೆಗೆ ಒಂದು ಬಿಡಬೇಕೆಂದು ಕೈ ಎದ್ದಿತ್ತು. ದೊನ್ಯ ಸಬೀನಾ ನನ್ನ ಮಣಿಕಟ್ಟು ಹಿಡಿದಳು.

“ಇರಿಯಾರ್ತೆ,” ಎಂದಳು, “ರೇಡಿಯೊಗೆ ಫೋನ್ ಮಾಡಿ. ಈಗ.”

ಇರಿಯಾರ್ತೆ ಫೋನ್ ಕೈಗೆತ್ತಿಕೊಂಡರು. ನೋಡಿದರು. ಮೇಜಿನ ಮೇಲೆ ಬೋರಲು ಇಟ್ಟರು.

“ಯೋಚ್ನೆ ಮಾಡಿ ಸ್ವಲ್ಪ. ಈಗ ಹೇಳಿದ್ರೆ ಐದೇ ನಿಮಿಷದಲ್ಲಿ ಎವರ್ ಕಿವಿಗೆ ಬೀಳುತ್ತೆ. ಅವನ ಮಾವನೇ ಮಾಡಿದ್ದು ಅಂತ ಗೊತ್ತಾದ ಮೇಲೆ ಆ ಹುಡುಗ ಗೋಲಿನಲ್ಲಿ ನಿಲ್ತಾನಾ? ಕೈ ನಡುಗಲ್ವಾ? ನಮಗೆ ಮೂರನೇ ಕೀಪರ್ ಇಲ್ಲ.”

“ಅದಕ್ಕೆ?” ಎಂದಳು ದೊನ್ಯ ಸಬೀನಾ.

“ಪಂದ್ಯ ಮುಗಿಯೋವರ್ಗೂ ಸುದ್ದಿ ಹೀಗೇ ಇರ್ಲಿ. ಒಂಬತ್ತು ಗಂಟೆಗೆ ನಾನೇ ಸತ್ಯ ಹೇಳ್ತೀನಿ.” ಆಮೇಲೆ ನನ್ನ ಕಡೆ ತಿರುಗಿದರು. ದನಿಗೆ ಜೇನು ಸವರಿದ್ದರು. “ರುಫಿನೊ, ಮಗಾ. ಬಿಸೀಲಿ ಒಂದು ಮಾತು ಬಂತು, ಹೊಟ್ಟೇಗೆ ಹಾಕ್ಕೋ. ನೀನೂ ವೆತಾದ ಹುಡುಗನೇ ಅಲ್ವಾ? ಇನ್ನೈದಾರು ತಾಸು. ಅರವತ್ತು ವರ್ಷದ ಕ್ಲಬ್ಬಿಗೋಸ್ಕರ. ನಿಮ್ಮವ್ವನ ಹತ್ರ ಪೊಲೀಸ್ ಕಳಿಸೋಕೆ ಹೇಳ್ತೀನಿ.”

ಬೈದದ್ದು ಇಪ್ಪತ್ತಾರು ಜನರೆದುರು. ಮಗಾ ಅಂದದ್ದು ಬಾಗಿಲು ಹಾಕಿಕೊಂಡು. ಕೋಚ್ ನನ್ನ ಮುಖ ನೋಡಲಿಲ್ಲ. ಅನ್ಸೆಲ್ಮೊ ನೋಡುತ್ತಿದ್ದರು, ಬೇಡುವ ಕಣ್ಣಿನಲ್ಲಿ. ದೊನ್ಯ ಸಬೀನಾ ನನ್ನ ಕೈ ಬಿಟ್ಟಳು.

“ಅವನ ಇಷ್ಟ,” ಎಂದಳು. “ಅವನ ತಾಯಿ.”

ನಾನು ಬಾಗಿಲು ತೆರೆದು ಹೊರಗೆ ಬಂದೆ.

ಓಣಿಯ ಕೊನೆಯ ಕೋಣೆ ತೆರೆದಿತ್ತು. ಎವರ್ ಮಂಚದ ತುದಿಯಲ್ಲಿ ಕೂತಿದ್ದ. ಆಗಲೇ ಗ್ಲೌಸ್ ಹಾಕಿಕೊಂಡಿದ್ದ. ಆ ದಪ್ಪ ಕೈಗಳಲ್ಲೇ ಒದ್ದೆ ಬಟ್ಟೆ ಹಿಡಿದು ದೆಲ್ಫಿನ್‌ನ ತುಟಿ ಒರೆಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ.

“ರುಫಿನೊ! ನೀನಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು ಕಣೋ. ಯಾರಂತೆ? ಹೇಳೋ, ಯಾರು ಮಾಡಿದ್ದಂತೆ?”

ನನ್ನ ನಾಲಿಗೆ ತುದಿಯಲ್ಲಿ ಆ ಹೆಸರಿತ್ತು. ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತ್ತು, ಎಲೊಡಿಯಾಳದೇ ಇರಬೇಕು. ಅವನು ನನ್ನನ್ನೇ ನೋಡುತ್ತಾ ನಿಂತಿದ್ದ.

ನಾನು ಆ ಹೆಸರನ್ನು ನುಂಗಿಕೊಂಡು ಮೆಟ್ಟಿಲಿಳಿದು ರಸ್ತೆಗೆ ನಡೆದುಬಿಟ್ಟೆ.